ಡಿಗ್ ತೋರಿಸಿಕೊಟ್ಟ ಹಳೆಯ ನೇಮ್‌ಸರ್ವರ್

ನಮ್ಮ ಸಂಘದ ಜಾಲತಾಣವನ್ನು ಹೊಸ ಸರ್ವರ್‌ಗೆ ಸ್ಥಳಾಂತರಿಸಿ, ಹೊಸ ಡಿಎನ್‌ಎಸ್ (ಜಾಲತಾಣದ ಹೆಸರಿನಿಂದ ಐಪಿ ವಿಳಾಸವನ್ನು ಹುಡುಕಿಕೊಡುವ ವ್ಯವಸ್ಥೆ) ಸೇವೆಯಲ್ಲಿ ಎ ದಾಖಲೆಯನ್ನು, ಅಂದರೆ ಹೆಸರಿಗೆ ಐಪಿ ವಿಳಾಸವನ್ನು ಜೋಡಿಸುವ ನಮೂದನ್ನು, ಸೇರಿಸಿದ ಬಳಿಕವೂ ಬ್ರೌಸರ್‌ನಲ್ಲಿ ಹಳೆಯ ಪುಟವೇ ತೆರೆಯುತ್ತಿತ್ತು. ಟರ್ಮಿನಲ್‌ನಲ್ಲಿ ಡಿಎನ್‌ಎಸ್‌ನ ಉತ್ತರವನ್ನು ಕೇಳಿ ತೋರಿಸುವ ಡಿಗ್ ಕಮಾಂಡ್ ಕೊಟ್ಟಾಗ ಹಳೆಯ ಐಪಿ ವಿಳಾಸವೂ ಅದೇ ಸಾಲಿನಲ್ಲಿ ಟಿಟಿಎಲ್ ಅಂಕಿಯೂ (ಉತ್ತರವನ್ನು ಎಷ್ಟು ಸೆಕೆಂಡು ಉಳಿಸಿಕೊಳ್ಳಬಹುದೆಂಬ ಲೆಕ್ಕ) ಕಂಡವು. ಮತ್ತೆ ಮತ್ತೆ ಕೇಳಿದಂತೆ ಆ ಅಂಕಿ ಇಳಿಯುತ್ತಿದ್ದುದರಿಂದ ಅದು ಕ್ಯಾಶ್‌ನಲ್ಲಿ, ಅಂದರೆ ತಾತ್ಕಾಲಿಕ ಸಂಗ್ರಹದಲ್ಲಿ, ಉಳಿದ ಉತ್ತರವೆಂಬುದು ಸ್ಪಷ್ಟವಿತ್ತು. ಆದರೆ ಅವಧಿ ಮುಗಿದೊಡನೆ ಅಂಕಿ ಪುನಃ 3600ಕ್ಕೆ ಏರಿತೇ ಹೊರತು ವಿಳಾಸ ಬದಲಾಗಲಿಲ್ಲ. ಆಗ ಡಿಗ್‌ಗೆ ಪ್ಲಸ್ ಚಿಹ್ನೆಯೊಡನೆ, ಹುಡುಕಾಟದ ಹಾದಿಯನ್ನು ಹಂತಹಂತವಾಗಿ ತೋರಿಸುವ ಟ್ರೇಸ್ ಆಯ್ಕೆಯನ್ನು ಸೇರಿಸಿದೆ. ಡಿಎನ್‌ಎಸ್‌ನ ಮೊದಲ ಹಂತವಾದ ರೂಟ್ ಸರ್ವರ್‌ಗಳಿಂದ ಡಾಟ್ ಇನ್ ಸರ್ವರ್‌ಗಳಿಗೆ ಬಂದ ಹಾದಿ, ಅಲ್ಲಿಂದ ನಮ್ಮ ಹಳೆಯ ಸೇವೆಯ ನೇಮ್‌ಸರ್ವರ್‌ಗಳತ್ತಲೇ (ಹೆಸರಿನ ದಾಖಲೆಗಳನ್ನು ಇಟ್ಟುಕೊಂಡು ಉತ್ತರಿಸುವ ಸರ್ವರ್‌ಗಳು) ತಿರುಗಿತ್ತು. ಸರ್ವರ್ ಉತ್ತರಿಸುತ್ತದೆಯೇ ಎಂದು ನೋಡುವ ಪಿಂಗ್‌ನಿಂದ ಇದು ತಿಳಿಯುವಂತಿರಲಿಲ್ಲ. ಜಾಲತಾಣದ ಹೆಸರನ್ನು ನೋಂದಾಯಿಸಿದ ಸಂಸ್ಥೆಯ, ಅಂದರೆ ರಿಜಿಸ್ಟ್ರಾರ್‌ನ, ಖಾತೆಯಲ್ಲಿ ನೇಮ್‌ಸರ್ವರ್‌ಗಳ ಹೆಸರನ್ನು ಬದಲಿಸಿದ ಮೇಲೆ, ನೇಮ್‌ಸರ್ವರ್ ಯಾವುದೆಂದು ಹೇಳುವ ಹಳೆಯ ಎನ್‌ಎಸ್ ದಾಖಲೆಗಳ ಅವಧಿ ತೀರಿದಂತೆ ಹೊಸ ವಿಳಾಸ ಎಲ್ಲೆಡೆ ಕಾಣತೊಡಗಿತು.