ಈ ಅಳತೆಯಲ್ಲಿ ನೀರೆಷ್ಟು? ಅದಿರು ಲ್ಯಾಬಿನ ನನ್ನ ಅನುಭವ

ಬಳ್ಳಾರಿ ಜಿಲ್ಲೆಯ ಸಂಡೂರು ಭಾಗದ ಕಬ್ಬಿಣದ ಅದಿರು ಶುದ್ಧೀಕರಣ ಘಟಕವೊಂದರ ಲ್ಯಾಬಿನಲ್ಲಿ ನನ್ನ ಕೆಲಸ. ಬೆಳಗಾದರೆ ಸಾಂದ್ರತೆಯ ಲೆಕ್ಕ, ಅದೂ ಒಬ್ಬೊಬ್ಬರಿಗೆ ಒಂದೊಂದು ಅಳತೆಯಲ್ಲಿ. ಲ್ಯಾಬಿನಲ್ಲಿ ನಾವು ಗ್ರಾಂ/ಸಿಸಿ ಅಂತೀವಿ, ಸಿಸಿ ಅಂದರೆ ಘನ ಸೆಂಟಿಮೀಟರ್. ಸ್ಟಾಕ್‌ಯಾರ್ಡಿನವರಿಗೆ ಟನ್/ಘನ ಮೀಟರ್ ಬೇಕು. ಸ್ಲರಿ (ಪುಡಿ ಅದಿರು ನೀರಿನಲ್ಲಿ ಬೆರೆತ ಕೆಸರು) ಪಂಪಿನ ಹತ್ತಿರ ನಿಂತವರು ಗ್ರಾಂ/ಲೀಟರ್‌ನಲ್ಲಿ ಬರೆದುಕೊಳ್ಳುತ್ತಾರೆ, ಡ್ರಾಯಿಂಗಿನಲ್ಲಿ ಕೆಜಿ/ಘನ ಮೀಟರ್ ಇರುತ್ತದೆ, ಪರಿಸರ ವಿಭಾಗದ ಕಾಗದ ಮಿಲಿಗ್ರಾಂ/ಲೀಟರ್ ಬಿಟ್ಟು ಬೇರೆ ಮಾತಾಡುವುದಿಲ್ಲ. ಡಿಪ್ಲೊಮಾ ಮುಗಿಸಿ ಹೊಸದಾಗಿ ಬಂದ ಹುಡುಗ ಹುಡುಗಿಯರು ಇದಕ್ಕೆಲ್ಲ ಮೊಬೈಲಿನಲ್ಲಿ ಪಟ್ಟಿ ಹುಡುಕುತ್ತಾರೆ. ಅವರಿಗೆ ನಾನು ಹೇಳಿಕೊಡುವುದು ಒಂದೇ ಪ್ರಶ್ನೆ: ಈ ಅಳತೆಯಲ್ಲಿ ನೀರೆಷ್ಟು?

ಒಂದು ಸಿಸಿ ನೀರು 1 ಗ್ರಾಂ. ಒಂದು ಲೀಟರ್ ನೀರು 1 ಕೆಜಿ. ಒಂದು ಘನ ಮೀಟರ್ ನೀರು 1 ಟನ್. ಹಾಗಾಗಿ ಗ್ರಾಂ/ಸಿಸಿ, ಕೆಜಿ/ಲೀಟರ್, ಟನ್/ಘನ ಮೀಟರ್ ಈ ಮೂರರಲ್ಲೂ ನೀರು 1. ಒಂದರಲ್ಲಿ ಬಂದ ಅಂಕಿಯನ್ನು ಇನ್ನೊಂದರಲ್ಲಿ ಹಾಗೆಯೇ ಬರೆಯಬಹುದು. ಇದು ಮೇಲಿನ ಮೆಟ್ಟಿಲು. ಕೆಜಿ/ಘನ ಮೀಟರ್ ಮತ್ತು ಗ್ರಾಂ/ಲೀಟರ್‌ನಲ್ಲಿ ನೀರು 1000, ಅದು ನಡುವಿನದು. ಗ್ರಾಂ/ಘನ ಮೀಟರ್ ಮತ್ತು ಮಿಲಿಗ್ರಾಂ/ಲೀಟರ್‌ನಲ್ಲಿ ನೀರು 10 ಲಕ್ಷ, ಅದು ಕೆಳಗಿನದು. ಒಂದು ಮೆಟ್ಟಿಲು ಇಳಿದರೆ ಅಂಕಿ ಸಾವಿರ ಪಟ್ಟು, ಹತ್ತಿದರೆ ಸಾವಿರದಲ್ಲಿ ಒಂದು ಪಾಲು. ಮೀಟರಿಗೆ 100 ಸೆಂಟಿಮೀಟರ್ ಅಲ್ಲವಾ, ಗ್ರಾಂ/ಸಿಸಿಯನ್ನು ಕೆಜಿ/ಘನ ಮೀಟರ್ ಮಾಡಲು 1000 ಯಾಕೆ ಅಂತ ಕೇಳುವವರಿದ್ದಾರೆ. ಗಾತ್ರಕ್ಕೆ ಉದ್ದ, ಅಗಲ, ಎತ್ತರ ಮೂರೂ ಸೇರುವುದರಿಂದ 100ನ್ನು ಮೂರು ಸಲ ಗುಣಿಸಬೇಕು, 10 ಲಕ್ಷ ಆಗುತ್ತದೆ. ಗ್ರಾಮನ್ನು ಕೆಜಿ ಮಾಡುವಾಗ ಅದರಲ್ಲಿ ಮೂರು ಸೊನ್ನೆ ಹೋಗುತ್ತವೆ. ಉಳಿಯುವುದು 1000.

ಸ್ಟಾಕ್‌ಯಾರ್ಡಿನಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ಸರ್ವೆಯವರು ರಾಶಿಯನ್ನು ಅಳೆದು ಘನ ಮೀಟರಿನಲ್ಲಿ ಗಾತ್ರ ಕೊಡುತ್ತಾರೆ, ಮ್ಯಾನೇಜರಿಗೆ ಬೇಕಾದದ್ದು ಟನ್. ನಡುವೆ ಬೇಕಾದ ಬಲ್ಕ್ ಡೆನ್ಸಿಟಿ, ಅಂದರೆ ಸಂದುಗಳನ್ನೂ ಸೇರಿಸಿದ ರಾಶಿಯ ಸಾಂದ್ರತೆ, ನಮ್ಮದು. ಪುಡಿ ಅದಿರಿಗೆ ನಾನು ಒಳಗಡೆ 30 ಸೆಂಟಿಮೀಟರ್ ಉದ್ದ, ಅಗಲ, ಎತ್ತರ ಇರುವ ಕಬ್ಬಿಣದ ಪೆಟ್ಟಿಗೆ ಬಳಸುತ್ತೇನೆ. 27,000 ಸಿಸಿ, ಅಂದರೆ 27 ಲೀಟರ್. ರಾಶಿಯ ಬುಡ, ನಡು, ತುದಿಯಿಂದ ಸಲಿಕೆಯಲ್ಲಿ ತೆಗೆದು, ಎತ್ತರದಿಂದ ಸುರಿಯದೆ, ಕುಟ್ಟದೆ ತುಂಬಿ, ಮೇಲೆ ಪಟ್ಟಿ ಎಳೆದು ಮಟ್ಟ ಮಾಡಿ ತೂಗುತ್ತೇನೆ. ಪೆಟ್ಟಿಗೆಯ ತೂಕ ಕಳೆದು 63.5 ಕೆಜಿ ಬಂತು ಅನ್ನಿ: 63.5 ಭಾಗಿಸು 27, 2.35 ಕೆಜಿ/ಲೀಟರ್. ಮೆಟ್ಟಿಲು ಬದಲಾಗಿಲ್ಲವಾದ್ದರಿಂದ ಅದೇ 2.35 ಟನ್/ಘನ ಮೀಟರ್. ರಾಶಿ 3,200 ಘನ ಮೀಟರ್ ಇದ್ದರೆ 7,520 ಟನ್. ಸೊನ್ನೆ ಸೇರಿಸುವ, ತೆಗೆಯುವ ಕೆಲಸವೇ ಇಲ್ಲ.

ದಪ್ಪ ಲಂಪ್ಸ್‌ಗೆ ಈ ಪೆಟ್ಟಿಗೆ ಸಾಲದು. ಗೋಡೆಯ ಪಕ್ಕ ಉಳಿಯುವ ಸಂದುಗಳೇ ಲೆಕ್ಕ ಕೆಡಿಸುತ್ತವೆ. ಆಗ ಟಿಪ್ಪರಿನ ಬಾಡಿಯನ್ನೇ ಟೇಪ್ ಹಿಡಿದು ಅಳೆದು, 7 ಘನ ಮೀಟರಿಗೆ ಗೆರೆ ಹಾಕಿ, ಅಲ್ಲಿವರೆಗೆ ತುಂಬಿಸಿ ವೇಬ್ರಿಡ್ಜಿಗೆ ಕಳಿಸುತ್ತೇನೆ. ಚೀಟಿ ಕೆಜಿಯಲ್ಲಿ ಬರುತ್ತದೆ. ನಿವ್ವಳ 16,450 ಇದ್ದರೆ 2,350 ಕೆಜಿ/ಘನ ಮೀಟರ್, ಒಂದು ಮೆಟ್ಟಿಲು ಹತ್ತಿದರೆ 2.35. ತೋರಣಗಲ್ಲು ರಸ್ತೆಯಲ್ಲಿ ಅದಿರಿನ ಲಾರಿ ಅರ್ಧ ಖಾಲಿ ಇದ್ದಂತೆ ಕಾಣುವುದೂ, ಕಲ್ಲಿದ್ದಲಿನ ಲಾರಿ ಬಾಯಿವರೆಗೂ ತುಂಬಿರುವುದೂ ಇದೇ ಕಾರಣಕ್ಕೆ: ಸಂದುಗಳನ್ನು ಸೇರಿಸಿ ಲೆಕ್ಕ ಹಾಕಿದರೆ ಕಲ್ಲಿದ್ದಲಿನ ರಾಶಿ ನೀರಿಗಿಂತ ಹಗುರ, ಅದಿರಿನ ರಾಶಿ ನೀರಿನ ಎರಡು ಪಟ್ಟಿಗಿಂತ ಹೆಚ್ಚು ಭಾರ.

ಪರಿವರ್ತನೆ ಒಂದು ಕ್ಷಣದ ಕೆಲಸ. 2.35ರ ಬದಲು 2.40 ಬಂದರೆ ಆ ರಾಶಿಯಲ್ಲಿ 160 ಟನ್ ವ್ಯತ್ಯಾಸ, ಹೆಚ್ಚುಕಮ್ಮಿ ಹತ್ತು ಲಾರಿ ಲೋಡು. ಹಾಗಾಗಿ ಮೈಯೆಲ್ಲಾ ಕಣ್ಣಾಗಿರಬೇಕಾದದ್ದು ಪೆಟ್ಟಿಗೆ ತುಂಬುವಾಗ. ಅದಿರಿನಲ್ಲಿ ಶೇ 6 ತೇವ ಇದ್ದರೆ 2.35ರಲ್ಲಿ ಒಣ ಅದಿರು 2.21 ಮಾತ್ರ. ಹಸಿಯೋ ಒಣವೋ ಅಂತ ಬರೆಯದ ಬಲ್ಕ್ ಡೆನ್ಸಿಟಿಗೆ ನಾನು ಸಹಿ ಹಾಕುವುದಿಲ್ಲ. ಅದಿರಿನಲ್ಲಿ ಕಬ್ಬಿಣ ಇರುವ ಹೆಮಟೈಟ್ ಖನಿಜದ ಸಾಂದ್ರತೆ 5.26 ಗ್ರಾಂ/ಸಿಸಿ ಅಂತ ಪುಸ್ತಕದಲ್ಲಿದೆಯಲ್ಲ ಅಂತ ರಾಶಿಗೂ ಅದನ್ನೇ ಹಾಕಲು ಹೊರಡುವವರಿರುತ್ತಾರೆ. ಅದು ಸಂದಿಲ್ಲದ ಗಟ್ಟಿ ಖನಿಜದ ಮಾತು. ನಮ್ಮ ಅದಿರಿನೊಳಗೆ 2.65ರ ಕ್ವಾರ್ಟ್ಜ್ ಬೆರೆತಿರುತ್ತದೆ, ರಾಶಿಯಲ್ಲಿ ಗಾಳಿಯೂ ಇರುತ್ತದೆ.

ನೀರೆಷ್ಟು ಅನ್ನುವ ಪ್ರಶ್ನೆ ನಿಜವಾಗಿ ಕಾಪಾಡುವುದು ಸ್ಲರಿಯಲ್ಲಿ. ಅಲ್ಲಿ ನಾವು ಮಾರ್ಸಿ ತಕ್ಕಡಿ ಬಳಸುತ್ತೇವೆ: ಸರಿಯಾಗಿ 1 ಲೀಟರ್ ಹಿಡಿಯುವ ಡಬ್ಬಿ, ಹೆಚ್ಚಾದದ್ದು ಪಕ್ಕದ ತೂತುಗಳಿಂದ ಹರಿದುಹೋಗುತ್ತದೆ, ಮೇಲೆ ಗುಂಡನೆಯ ಡಯಲ್. ಮುಳ್ಳು 1500 ಗ್ರಾಂ ತೋರಿಸಿದರೆ ಸ್ಲರಿ 1500 ಗ್ರಾಂ/ಲೀಟರ್, ಅದೇ 1500 ಕೆಜಿ/ಘನ ಮೀಟರ್, ಅದೇ 1.5 ಕೆಜಿ/ಲೀಟರ್. ಇದರಲ್ಲಿ ತೂಕದ ಲೆಕ್ಕದಲ್ಲಿ ಅದಿರು ಶೇಕಡಾ ಎಷ್ಟು ಅನ್ನುವುದು ಮುಂದಿನ ಪ್ರಶ್ನೆ.

ಅದಿರಿನ ಸಾಂದ್ರತೆ 4.5 ಇದೆ ಅಂದುಕೊಳ್ಳಿ. ಲೀಟರಿನ ತುಂಬ ನೀರೇ ಇದ್ದರೆ 1 ಕೆಜಿ ಇರುತ್ತಿತ್ತು, ಈಗ ಅರ್ಧ ಕೆಜಿ ಹೆಚ್ಚಿದೆ. ಒಂದು ಲೀಟರ್ ನೀರು ಸರಿದು ಆ ಜಾಗಕ್ಕೆ ಅದಿರು ಬಂದರೆ ತೂಕ 3.5 ಕೆಜಿ ಏರುತ್ತದೆ. 0.5 ಭಾಗಿಸು 3.5, ಅದಿರು ಹಿಡಿದ ಜಾಗ 0.143 ಲೀಟರ್. ಅದರ ತೂಕ 0.643 ಕೆಜಿ, ಒಟ್ಟು 1.5ರಲ್ಲಿ ಶೇ 42.9. ಸೂತ್ರ ಹೀಗೆ: ಅದಿರಿನ ಸಾಂದ್ರತೆಯನ್ನು ಸ್ಲರಿಯಿಂದ ನೀರು ಕಳೆದದ್ದರಿಂದ ಗುಣಿಸಿ, ಸ್ಲರಿಯನ್ನು ಅದಿರಿನಿಂದ ನೀರು ಕಳೆದದ್ದರಿಂದ ಗುಣಿಸಿ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಪುಸ್ತಕಗಳಲ್ಲಿ ನೀರಿನ ಜಾಗದಲ್ಲಿ 1 ಅಂತಲೇ ಅಚ್ಚಾಗಿರುತ್ತದೆ. ಅಪಾಯ ಇರುವುದೇ ಅಲ್ಲಿ. ಅದಿರಿಗೆ 4.5 ಇಟ್ಟು ಸ್ಲರಿಗೆ ಡಯಲಿನ 1500 ಹಾಗೇ ಹಾಕಿದರೆ ಶೇ 128.5 ಬರುತ್ತದೆ, ನೂರು ದಾಟಿದ್ದರಿಂದ ಯಾರಾದರೂ ಹಿಡಿಯುತ್ತಾರೆ. ಎರಡನ್ನೂ ಕೆಜಿ/ಘನ ಮೀಟರಿಗೆ ತಂದು 4500, 1500 ಹಾಕಿ ನೀರನ್ನು ಮಾತ್ರ 1 ಬಿಟ್ಟರೆ ಶೇ 99.96 ಬರುತ್ತದೆ. ಅದು ನೂರರ ಒಳಗೇ ಇರುವುದರಿಂದ ಎಕ್ಸೆಲ್ ಶೀಟಿನಲ್ಲಿ ಸದ್ದಿಲ್ಲದೆ ಕೂತುಬಿಡಬಹುದು. ಶೀಟ್ ಮಾಡುವಾಗ ನೀರಿಗೂ ಒಂದು ಪ್ರತ್ಯೇಕ ಕೋಶ ಇಡಿ ಅಂತ ನಾನು ಹಟ ಹಿಡಿಯುವುದು ಅದಕ್ಕೆ. ಸ್ಲರಿ, ಅದಿರು, ನೀರು ಮೂರೂ ಒಂದೇ ಮೆಟ್ಟಿಲಿನ ಮೇಲೆ ನಿಂತಿರಬೇಕು.

ಬಳ್ಳಾರಿಯ ಬೇಸಿಗೆಯಲ್ಲಿ ನೀರು 1 ಕೂಡ ಸರಿಯಾಗಿ 1 ಆಗಿರುವುದಿಲ್ಲ. 40 ಡಿಗ್ರಿಯಲ್ಲಿ ಲೀಟರ್ ನೀರು ಸುಮಾರು 992 ಗ್ರಾಂ ತೂಗುತ್ತದೆ. ಸ್ಲರಿ ಡಬ್ಬಿಗೆ ಇದು ದೊಡ್ಡ ಸಂಗತಿಯಲ್ಲ. ಪಿಕ್ನೋಮೀಟರಿಗೆ (ಪುಡಿಯ ಸಾಂದ್ರತೆ ಅಳೆಯುವ, ಗಾತ್ರ ಗೊತ್ತಿರುವ ಪುಟ್ಟ ಗಾಜಿನ ಬಾಟಲಿ) ಹೌದು, ಯಾಕೆಂದರೆ ಅದು ಕೊಡುವುದು ಆ ಹೊತ್ತಿನ ನೀರಿಗೆ ಹೋಲಿಸಿದ ಸಾಪೇಕ್ಷ ಸಾಂದ್ರತೆ. ಅದಕ್ಕೆ ಅಳತೆಯ ಹೆಸರೇ ಇಲ್ಲ. 4.80 ಬಂದರೆ 0.9922ರಿಂದ ಗುಣಿಸಿದ ಮೇಲೆ 4.76 ಗ್ರಾಂ/ಸಿಸಿ. ಬಾಟಲಿಯ ಪಕ್ಕ ಥರ್ಮಾಮೀಟರ್ ಇಲ್ಲದೆ ಈ ಪರೀಕ್ಷೆ ಮಾಡಬೇಡಿ.

ಕೆಳಗಿನ ಮೆಟ್ಟಿಲಿಗೆ ಹೊರಬಿಡುವ ನೀರು ಒಂದೇ ಉದಾಹರಣೆ ಸಾಕು. ನದಿ, ಹಳ್ಳಗಳಿಗೆ ಬಿಡುವ ನೀರಿನಲ್ಲಿ ತೇಲುವ ಕಣಗಳಿಗೆ ಸಾಮಾನ್ಯ ಮಿತಿ 100 ಮಿಲಿಗ್ರಾಂ/ಲೀಟರ್. ಒಂದು ಮೆಟ್ಟಿಲು ಹತ್ತಿದರೆ 0.1 ಕೆಜಿ/ಘನ ಮೀಟರ್, ಅಂದರೆ ಸಾವಿರ ಘನ ಮೀಟರ್ ನೀರಿನ ಜೊತೆ 100 ಕೆಜಿ ಮಣ್ಣು ಹೋಗುತ್ತದೆ.

ಫ್ಯಾಬ್ರಿಕೇಶನ್ನಿನವರ ಬಾಯಲ್ಲಿ ಸದಾ ಇರುವ 7.85 ಕೂಡ ಮೇಲಿನ ಮೆಟ್ಟಿಲಿನದೇ. ಒಂದು ಚದರ ಮೀಟರ್ ಅಗಲದ, 1 ಮಿಲಿಮೀಟರ್ ದಪ್ಪದ ತಗಡಿನ ಗಾತ್ರ ಸರಿಯಾಗಿ 1 ಲೀಟರ್. ಉಕ್ಕು 7.85 ಕೆಜಿ/ಲೀಟರ್, ಹಾಗಾಗಿ ಆ ತಗಡು 7.85 ಕೆಜಿ, 10 ಮಿಲಿಮೀಟರ್ ಪ್ಲೇಟಾದರೆ 78.5. ನನಗೆ ಬಹಳ ಇಷ್ಟವಾದ ಲೆಕ್ಕ ಇದು.

ಮೆಟ್ಟಿಲುಗಳ ನಡುವೆ ನಿಲ್ಲುವ ಅಳತೆಗಳೂ ಇವೆ. ಧಾನ್ಯದ ವ್ಯಾಪಾರದಲ್ಲಿ ಹೆಕ್ಟೋಲೀಟರ್ ತೂಕ ಅಂತ ಕೇಳುತ್ತಾರೆ. ಹೆಕ್ಟೋಲೀಟರ್ ಅಂದರೆ 100 ಲೀಟರ್, ಅದರಲ್ಲಿ ನೀರು 100. ಗೋಧಿ 78 ಕೆಜಿ/ಹೆಕ್ಟೋಲೀಟರ್ ಇದ್ದರೆ 0.78 ಕೆಜಿ/ಲೀಟರ್, 780 ಕೆಜಿ/ಘನ ಮೀಟರ್.

ಸಿವಿಲ್‌ನವರ ಮಣ್ಣಿನ ವರದಿಯಲ್ಲಿ ಬರುವ ಕಿಲೋನ್ಯೂಟನ್/ಘನ ಮೀಟರ್ ಮಾತ್ರ ಸಾಂದ್ರತೆಯೇ ಅಲ್ಲ. ಅದು ಭೂಮಿ ಎಳೆಯುವ ಬಲದ ಲೆಕ್ಕ, ಅಲ್ಲಿ ನೀರು 9.81. ಟೇಲಿಂಗ್ (ಅದಿರು ತೆಗೆದ ಮೇಲೆ ಉಳಿಯುವ ಕೆಸರು) ಕಟ್ಟೆಯ ಮಣ್ಣು 18 ಅಂತ ಕಂಡರೆ ಮೊದಲು 9.81ರಿಂದ ಭಾಗಿಸುತ್ತೇನೆ. 1.83 ಗ್ರಾಂ/ಸಿಸಿ ಬರುತ್ತದೆ, ಆಮೇಲೆ ಅದನ್ನು ನಮ್ಮ ಲ್ಯಾಬಿನ ಅಂಕಿಯ ಪಕ್ಕ ಇಟ್ಟು ನೋಡುತ್ತೇನೆ.