ತೆರಿಗೆ ಸಾಫ್ಟ್‌ವೇರಿನ ಡೇಟಾ ಕೆಟ್ಟಾಗ: ರಿಪೇರಿ ಬಟನ್ ಒತ್ತುವ ಮುನ್ನ

ಜುಲೈ 31ಕ್ಕೆ ನಾಲ್ಕೇ ದಿನ ಇರುವಾಗ ಆಡಿಟರ್ ಕಚೇರಿಯ ರಿಟರ್ನ್ ಸಾಫ್ಟ್‌ವೇರು, ಒಬ್ಬ ಕಕ್ಷಿದಾರರ ಹೆಸರಿನ ಮೇಲೆ ಕ್ಲಿಕ್ ಮಾಡಿದ ಕೂಡಲೇ ತಾನಾಗಿ ಮುಚ್ಚಿಕೊಂಡರೆ, ಅಲ್ಲಿರುವವರ ಕೈ ಸಾಮಾನ್ಯವಾಗಿ ಎರಡು ಕಡೆ ಹೋಗುತ್ತದೆ. ಒಬ್ಬರು ಮೆನುವಿನಲ್ಲಿರುವ ರಿಪೇರಿ ಅಥವಾ ರೀಇಂಡೆಕ್ಸ್ ಒತ್ತುತ್ತಾರೆ. ಇನ್ನೊಬ್ಬರು ನಿನ್ನೆಯ ಬ್ಯಾಕಪ್ಪನ್ನು ತಂದು ಇದ್ದ ಫೋಲ್ಡರಿನ ಮೇಲೆಯೇ ರಿಸ್ಟೋರ್ ಮಾಡುತ್ತಾರೆ. ಇವೆರಡೂ ಮುಂದೆ ಬೇಕಾಗಬಹುದಾದ ಕೆಲಸಗಳೇ, ಆದರೆ ಮೊದಲು ಮಾಡುವ ಕೆಲಸಗಳಲ್ಲ. ಎಷ್ಟೋ ಪ್ರೋಗ್ರಾಮುಗಳಲ್ಲಿ ರಿಪೇರಿ ಎಂದರೆ ಓದಲಾಗದ ದಾಖಲೆಗಳನ್ನು ಬಿಟ್ಟು ಓದಲಾದದ್ದನ್ನು ಮಾತ್ರ ಹೊಸದಾಗಿ ಜೋಡಿಸಿಕೊಡುವುದು. ಬಿಟ್ಟದ್ದು ಯಾವುದೆಂದು ಅದು ಹೇಳದೆಯೂ ಇರಬಹುದು. ಬ್ಯಾಕಪ್ಪನ್ನು ಮೇಲೆ ಸುರಿದರೆ ನಿನ್ನೆ ಸಂಜೆಯಿಂದ ತುಂಬಿದ್ದೆಲ್ಲ ಅಳಿಯುತ್ತದೆ, ಜೊತೆಗೆ ಡೇಟಾ ಏಕೆ ಕೆಟ್ಟಿತು ಎಂಬ ಕುರುಹೂ ಅಳಿಯುತ್ತದೆ. ಕಾರಣ ಹಾಗೆಯೇ ಉಳಿದರೆ ಮೂರನೇ ದಿನ ಮತ್ತೆ ಅದೇ ಪರದೆಯ ಮುಂದೆ ಕೂರಬೇಕಾಗುತ್ತದೆ.

ನಮ್ಮ ಊರುಗಳ ಬಹುಪಾಲು ಸಣ್ಣ ಕಚೇರಿಗಳಲ್ಲಿರುವ ವ್ಯವಸ್ಥೆಯನ್ನೇ ಇಲ್ಲಿ ಗಮನದಲ್ಲಿಟ್ಟುಕೊಂಡಿದ್ದೇನೆ: ಸರ್ವರ್ ಎಂದು ಕರೆಯಲ್ಪಡುವ ಒಂದು ವಿಂಡೋಸ್ ಕಂಪ್ಯೂಟರ್, ಅದರಲ್ಲಿ ಶೇರ್ ಮಾಡಿದ ಒಂದು ಡೇಟಾ ಫೋಲ್ಡರ್, ಅದನ್ನು ನೆಟ್‌ವರ್ಕ್ ಡ್ರೈವ್ ಆಗಿ ಬಳಸುವ ನಾಲ್ಕಾರು ಕಂಪ್ಯೂಟರುಗಳು.

ಮೊದಲು ಎಲ್ಲರನ್ನೂ ಪ್ರೋಗ್ರಾಮಿನಿಂದ ಹೊರಗೆ ಬರಲು ಹೇಳಬೇಕು. ಎಲ್ಲರೂ ‘ಮುಚ್ಚಿದ್ದೇವೆ’ ಎಂದ ಮಾತನ್ನು ನಂಬಬೇಡಿ. ಸರ್ವರಿನಲ್ಲಿ ಕಂಪ್ಯೂಟರ್ ಮ್ಯಾನೇಜ್‌ಮೆಂಟ್ ತೆರೆದು, ಶೇರ್ಡ್ ಫೋಲ್ಡರ್ಸ್ ಕೆಳಗಿನ ಓಪನ್ ಫೈಲ್ಸ್ ನೋಡಿದರೆ ಇನ್ನೂ ಯಾವ ಫೈಲನ್ನು ಯಾರು ಹಿಡಿದುಕೊಂಡಿದ್ದಾರೆಂದು ಗೊತ್ತಾಗುತ್ತದೆ. ಅನಂತರ ಡೇಟಾ ಫೋಲ್ಡರನ್ನು ಇದ್ದ ಸ್ಥಿತಿಯಲ್ಲೇ, ಕೆಟ್ಟ ಫೈಲುಗಳೂ ಸೇರಿದಂತೆ, ಬೇರೊಂದು ಡಿಸ್ಕಿಗೆ ದಿನಾಂಕ ಮತ್ತು ಗಂಟೆಯ ಹೆಸರು ಕೊಟ್ಟು ನಕಲು ಮಾಡಿ. ಈ ನಕಲು ಒಂದು ಪರೀಕ್ಷೆಯೂ ಹೌದು: ಒಂದೇ ಫೈಲಿನ ಹತ್ತಿರ ಬಂದು ಕಾಪಿ ನಿಂತುಹೋದರೆ ಅಥವಾ ಓದಲಾಗುತ್ತಿಲ್ಲ ಎಂಬ ಸಂದೇಶ ಬಂದರೆ, ತೊಂದರೆ ತೆರಿಗೆ ಸಾಫ್ಟ್‌ವೇರಿನದಲ್ಲ, ಹಾರ್ಡ್‌ಡಿಸ್ಕಿನದು ಎಂದು ಹೆಚ್ಚುಕಡಿಮೆ ಖಚಿತವಾಗುತ್ತದೆ. ನಕಲಿಗೆ ಪೆನ್‌ಡ್ರೈವ್ ಬಳಸುವವರು ಅದು ಫ್ಯಾಟ್32 ಮಾದರಿಯಲ್ಲಿದೆಯೇ ಎಂದು ನೋಡಿಕೊಳ್ಳಬೇಕು, ಏಕೆಂದರೆ ಅದರಲ್ಲಿ 4 ಜಿಬಿ ತಲುಪಿದ ಫೈಲ್ ಕೂರುವುದಿಲ್ಲ. ಫೈಲುಗಳ ಹೆಸರಿನ ಬಾಲ ಬದಲಾಗಿ, ಪ್ರತಿ ಫೋಲ್ಡರಿನಲ್ಲೂ ಹಣ ಕೇಳುವ ಪತ್ರವೊಂದು ಕಂಡರೆ ಅದು ಬೇರೆಯೇ ರೋಗ. ಈ ಮಾರ್ಗದರ್ಶಿಯನ್ನು ಬಿಟ್ಟು ತಕ್ಷಣ ನೆಟ್‌ವರ್ಕ್ ವೈರು ಕಿತ್ತು, ತಿಳಿದವರನ್ನು ಕರೆಸಿ.

ನಕಲು ಕೈಗೆ ಬಂದ ಮೇಲೆ ಮೂರು ಪ್ರಶ್ನೆಗಳು. ಅದೇ ಕಂಪ್ಯೂಟರಿನಲ್ಲಿ ಬೇರೆ ಕಕ್ಷಿದಾರರ ಫೈಲ್ ತೆರೆಯುತ್ತದೆಯೇ? ಅದೇ ಕಕ್ಷಿದಾರರ ಫೈಲ್ ಬೇರೆ ಕಂಪ್ಯೂಟರಿನಲ್ಲಿ ತೆರೆಯುತ್ತದೆಯೇ? ಸರ್ವರಿನಲ್ಲೇ ಕುಳಿತು, ನೆಟ್‌ವರ್ಕ್ ಇಲ್ಲದೆ, ನಕಲನ್ನು ತೆರೆದರೆ ಏನಾಗುತ್ತದೆ? ಎಲ್ಲ ಕಂಪ್ಯೂಟರಿನಲ್ಲೂ ಒಬ್ಬರ ಫೈಲ್ ಮಾತ್ರ ಬೀಳಿಸುತ್ತಿದ್ದರೆ ದೋಷ ಆ ದಾಖಲೆಯಲ್ಲಿದೆ. ಒಂದೇ ಕಂಪ್ಯೂಟರಿನಲ್ಲಿ ಎಲ್ಲರ ಫೈಲೂ ಬೀಳುತ್ತಿದ್ದರೆ ಡೇಟಾ ಚೆನ್ನಾಗಿಯೇ ಇದೆ. ಆ ಕಂಪ್ಯೂಟರಿನ ಇನ್‌ಸ್ಟಲೇಶನ್, ಬಳಕೆದಾರರ ಪ್ರೊಫೈಲಿನೊಳಗಿನ ಸೆಟಿಂಗ್ಸ್ ಫೈಲ್, ಇಲ್ಲವೇ ದಿನಾಂಕದ ಮಾದರಿ ನೋಡಬೇಕು. ಹೊಸದಾಗಿ ವಿಂಡೋಸ್ ಹಾಕಿದ ಕಂಪ್ಯೂಟರು ಅಮೆರಿಕದ ಪದ್ಧತಿಯಂತೆ ತಿಂಗಳನ್ನು ಮೊದಲು ಬರೆಯುತ್ತಿದ್ದು, 12ಕ್ಕಿಂತ ದೊಡ್ಡ ತಾರೀಖು ಬಂದ ಕೂಡಲೇ ಪ್ರೋಗ್ರಾಮು ಮಗುಚಿಕೊಳ್ಳುವುದನ್ನು ಡೇಟಾ ಕರಪ್ಟ್ ಎಂದು ಭ್ರಮಿಸುವವರು ಬಹಳ. ಇನ್ನು, ಸರ್ವರಿನಲ್ಲಿ ಸಲೀಸಾಗಿ ತೆರೆಯುವ ಫೈಲ್ ಉಳಿದ ಕಡೆ ಬಿದ್ದರೆ, ದೋಷ ನಡುವಿನ ದಾರಿಯಲ್ಲಿ, ಅಂದರೆ ನೆಟ್‌ವರ್ಕಿನಲ್ಲಿದೆ.

ಊಹೆಗೆ ಸಾಕ್ಷಿ ಬೇಕಿದ್ದರೆ ವಿಂಡೋಸ್ ತನ್ನ ಘಟನೆಗಳನ್ನು ಬರೆದಿಡುವ ಈವೆಂಟ್ ವ್ಯೂವರ್ ತೆರೆಯಿರಿ. ಅಪ್ಲಿಕೇಶನ್ ಲಾಗಿನಲ್ಲಿ 1000 ಸಂಖ್ಯೆಯ ಎರರ್ ಪ್ರೋಗ್ರಾಮು ಬಿದ್ದ ಗಳಿಗೆಯನ್ನೂ ಎಕ್ಸೆಪ್ಶನ್ ಕೋಡನ್ನೂ ಹೇಳುತ್ತದೆ. ಆ ಕೋಡು ಸಿ ಅಕ್ಷರ, ಆರು ಸೊನ್ನೆ ಮತ್ತು 5 ಆಗಿದ್ದರೆ ಪ್ರೋಗ್ರಾಮು ತನ್ನದಲ್ಲದ ಮೆಮೊರಿ ಜಾಗವನ್ನು ಮುಟ್ಟಲು ಹೋಗಿದೆ. ಕೆಟ್ಟ ದಾಖಲೆ ಓದಿದಾಗಲೂ ಹೀಗಾಗುತ್ತದೆ, ಪ್ರೋಗ್ರಾಮಿನ ಸ್ವಂತ ತಪ್ಪಿನಿಂದಲೂ ಆಗುತ್ತದೆ. ಕೊನೆಯ ಅಂಕಿ 6 ಆಗಿದ್ದರೆ ಮಾತ್ರ ಕಿವಿ ನಿಮಿರಬೇಕು: ಓದುತ್ತಿದ್ದ ಫೈಲಿನ ಪುಟ ಡಿಸ್ಕಿನಿಂದಲೋ ನೆಟ್‌ವರ್ಕಿನಿಂದಲೋ ಬರಲೇ ಇಲ್ಲ ಎಂದು ಅದರ ಅರ್ಥ. ಸಿಸ್ಟಮ್ ಲಾಗಿನಲ್ಲಿ ಡಿಸ್ಕ್ ಹೆಸರಿನ 7 ಕೆಟ್ಟ ಬ್ಲಾಕನ್ನೂ, 153 ಮತ್ತೆ ಮತ್ತೆ ಪ್ರಯತ್ನಿಸಬೇಕಾದ ಓದು ಬರಹವನ್ನೂ, ಎನ್‌ಟಿಎಫ್‌ಎಸ್ ಹೆಸರಿನ 55 ಫೈಲ್ ವ್ಯವಸ್ಥೆಯ ಹಾನಿಯನ್ನೂ, ಕರ್ನಲ್ ಪವರ್ ಹೆಸರಿನ 41 ಸರಿಯಾಗಿ ಶಟ್‌ಡೌನ್ ಆಗದೆ ಕಂಪ್ಯೂಟರು ಮತ್ತೆ ಎದ್ದದ್ದನ್ನೂ ಸೂಚಿಸುತ್ತವೆ. 7 ಕಂಡರೆ ಡಿಸ್ಕ್ ಬದಲಿಸಿ. ಸಾಯುತ್ತಿರುವ ಡಿಸ್ಕಿನ ಮೇಲೆ, ಡೇಟಾ ಬೇರೆಡೆಗೆ ಸಾಗಿಸುವ ಮುಂಚೆಯೇ ಚೆಕ್‌ಡಿಸ್ಕ್ (ಡಿಸ್ಕನ್ನು ತಪಾಸಿಸಿ ಸರಿಪಡಿಸುವ ವಿಂಡೋಸ್ ಉಪಕರಣ) ಓಡಿಸುವುದು ಉಸಿರು ಕಟ್ಟಿದವನನ್ನು ಮೆಟ್ಟಿಲು ಹತ್ತಿಸಿದ ಹಾಗೆ.

ಆದರೆ ನಾನು ಹೆಚ್ಚಾಗಿ ಕಂಡಿರುವ ಕಾರಣ ಡಿಸ್ಕ್ ಅಲ್ಲ, ದಾರಿ. ನಾನು ಕಂಪ್ಯೂಟರು ನೋಡಿಕೊಳ್ಳುತ್ತಿದ್ದ ಒಂದು ಕಚೇರಿಯಲ್ಲಿ ಒಂದು ಮಳೆಗಾಲದಲ್ಲಿ ಮೂರು ಬಾರಿ ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ತೆರಿಗೆ) ಡೇಟಾ ಕೆಟ್ಟಿತು. ಸರ್ವರಿಗೆ ಯುಪಿಎಸ್ ಇತ್ತು, ಪ್ರತಿ ಮೇಜಿಗೂ ಯುಪಿಎಸ್ ಲೈನ್ ಇತ್ತು, ಕರೆಂಟ್ ಹೋದರೂ ಒಂದು ಮಾನಿಟರೂ ಮಿಣುಕುತ್ತಿರಲಿಲ್ಲ. ಹಾಗಾಗಿ ವಿದ್ಯುತ್ತಿನ ಮೇಲೆ ಯಾರಿಗೂ ಸಂಶಯವಿರಲಿಲ್ಲ. ಒಂದು ಸಂಜೆ ಎಲ್ಲರೂ ಹೋದ ಮೇಲೆ ಮೇನ್ ಸ್ವಿಚ್ ಇಳಿಸಿ ಕತ್ತಲಲ್ಲಿ ನಿಂತು ನೋಡಿದೆವು. ಎಲ್ಲ ಕಂಪ್ಯೂಟರುಗಳೂ ಉರಿಯುತ್ತಿದ್ದವು, ಆದರೆ ಅಟ್ಟದ ಮೇಲೆ, ಹಳೆಯ ಫೈಲು ಕಟ್ಟುಗಳ ಹಿಂದೆ ಇದ್ದ ಎಂಟು ಪೋರ್ಟಿನ ನೆಟ್‌ವರ್ಕ್ ಸ್ವಿಚ್ಚಿನ ಹಸಿರು ದೀಪಗಳು ಆರಿಹೋಗಿದ್ದವು. ಬಾಗಿಲ ಬಳಿಯ ಟ್ಯೂಬ್‌ಲೈಟ್ ಪಾಯಿಂಟಿನಿಂದ ಅದಕ್ಕೆ ಕರೆಂಟ್ ಕೊಟ್ಟಿದ್ದರು. ಜನರೇಟರ್ ಬರುವವರೆಗಿನ ಆ ಕೆಲವು ಸೆಕೆಂಡುಗಳಲ್ಲಿ ಆರು ಕಂಪ್ಯೂಟರುಗಳೂ ಅರ್ಧ ಬರೆದ ದಾಖಲೆಗಳನ್ನು ಕೈಯಲ್ಲಿಟ್ಟುಕೊಂಡು ಸರ್ವರಿನಿಂದ ಬೇರ್ಪಡುತ್ತಿದ್ದವು. ಈ ಪರೀಕ್ಷೆಯನ್ನು ನಿಮ್ಮ ಕಚೇರಿಯಲ್ಲಿ ಒಮ್ಮೆ ಮಾಡಿ ನೋಡಿ. ಪ್ರೋಗ್ರಾಮುಗಳನ್ನು ಮುಚ್ಚಿಯೇ ಮಾಡಿ.

ಇದು ಇಷ್ಟು ಹಾನಿ ಮಾಡುವುದಕ್ಕೆ ಕಾರಣವಿದೆ. ಫಾಕ್ಸ್‌ಪ್ರೋ ಅಥವಾ ಆ್ಯಕ್ಸೆಸ್ ಮಾದರಿಯ ಡೇಟಾಬೇಸಿನಲ್ಲಿ ಸರ್ವರ್ ಬರೀ ಕಪಾಟು. ಫೈಲಿನೊಳಗೆ ಬರೆಯುವ ಕೆಲಸವನ್ನು ಪ್ರತಿಯೊಂದು ಕಂಪ್ಯೂಟರೂ ದೂರದಿಂದ ತಾನೇ ಮಾಡುತ್ತದೆ. ಒಂದು ದಾಖಲೆ ಬರೆದು, ಅದರ ಇಂಡೆಕ್ಸ್ (ಯಾವ ದಾಖಲೆ ಎಲ್ಲಿದೆ ಎಂದು ತೋರಿಸುವ ಸೂಚಿ) ಬರೆಯುವ ಮುನ್ನ ಕೊಂಡಿ ಕಳಚಿದರೆ ಎರಡಕ್ಕೂ ತಾಳೆ ತಪ್ಪುತ್ತದೆ. ಲ್ಯಾಪ್‌ಟಾಪಿನಿಂದ ವೈಫೈ ಮೂಲಕ ಎಂಟ್ರಿ ಮಾಡುವುದು, ವಿದ್ಯುತ್ ಉಳಿಸಲೆಂದು ನೆಟ್‌ವರ್ಕ್ ಕಾರ್ಡನ್ನು ಆಫ್ ಮಾಡಲು ವಿಂಡೋಸಿಗೆ ಅನುಮತಿ ಕೊಡುವ ಡಿವೈಸ್ ಮ್ಯಾನೇಜರಿನ ಟಿಕ್ ಗುರುತು, ಪ್ರೋಗ್ರಾಮು ನಿಧಾನವಾಯಿತೆಂದು ಟಾಸ್ಕ್ ಮ್ಯಾನೇಜರಿನಿಂದ ಕೊಲ್ಲುವುದು, ಇವೆಲ್ಲದರ ಪರಿಣಾಮವೂ ಅದೇ. ಚಾಲ್ತಿಯಲ್ಲಿರುವ ಡೇಟಾ ಫೋಲ್ಡರನ್ನು ಒನ್‌ಡ್ರೈವ್ ಅಥವಾ ಗೂಗಲ್ ಡ್ರೈವ್ ಒಳಗೆ ಇಟ್ಟು ಬ್ಯಾಕಪ್ ಆಯಿತೆಂದು ನೆಮ್ಮದಿಯಾಗಿರುವವರೂ ಇದ್ದಾರೆ. ಅದು ಬ್ಯಾಕಪ್ ಅಲ್ಲ: ಕೆಟ್ಟ ಫೈಲನ್ನೂ ಅದು ಅಷ್ಟೇ ಶ್ರದ್ಧೆಯಿಂದ ಮೇಲೆ ಕಳಿಸುತ್ತದೆ. ಪ್ರೋಗ್ರಾಮಿನಿಂದ ತೆಗೆದ ಬ್ಯಾಕಪ್ ಫೈಲನ್ನು ಅಲ್ಲಿಗೆ ಕಳಿಸಿ, ಜೀವಂತ ಡೇಟಾವನ್ನಲ್ಲ.

ರಿಪೇರಿಯ ಸರದಿ ಈಗ. ಅದನ್ನು ಸರ್ವರಿನಲ್ಲೇ, ಎತ್ತಿಟ್ಟ ನಕಲಿನ ಇನ್ನೊಂದು ಪ್ರತಿಯ ಮೇಲೆಯೇ ಮಾಡಬೇಕು. ಫಾಕ್ಸ್‌ಪ್ರೋ ಮಾದರಿಯಲ್ಲಿ ಇಂಡೆಕ್ಸ್ ಮಾತ್ರ ಕೆಟ್ಟಿದ್ದರೆ ರೀಇಂಡೆಕ್ಸ್ ಸಾಕು, ದಾಖಲೆಗಳಿಗೆ ಏನೂ ಆಗುವುದಿಲ್ಲ. ಆ್ಯಕ್ಸೆಸ್ ಮಾದರಿಗೆ ಕಾಂಪ್ಯಾಕ್ಟ್ ಆ್ಯಂಡ್ ರಿಪೇರಿ ಇದೆ. ಎಲ್ಲರೂ ಹೊರಗಿದ್ದರೂ ಅಳಿಯದೆ ಉಳಿದ ಲಾಕ್ ಫೈಲನ್ನು ಮೊದಲು ತೆಗೆಯಿರಿ, ಮುಖ್ಯ ಫೈಲ್ 2 ಜಿಬಿಯ ಮಿತಿಗೆ ಹತ್ತಿರವಾಗಿದೆಯೇ ಎಂದೂ ನೋಡಿ. ಎಸ್‌ಕ್ಯೂಎಲ್ ಸರ್ವರ್ ಬಳಸುವ ಸಾಫ್ಟ್‌ವೇರಿನಲ್ಲಿ ಡಿಬಿಸಿಸಿ ಚೆಕ್‌ಡಿಬಿ ಎಂಬ ತಪಾಸಣೆಯ ಆದೇಶ ಓಡಿಸಿದರೆ ಹಾನಿಯ ಪಟ್ಟಿ ಸಿಗುತ್ತದೆ. ಅದರ ಕೊನೆಯ ಉಪಾಯಕ್ಕೆ ಮೈಕ್ರೋಸಾಫ್ಟ್ ಇಟ್ಟಿರುವ ಹೆಸರಿನಲ್ಲೇ ಡೇಟಾ ನಷ್ಟಕ್ಕೆ ಒಪ್ಪಿಗೆ ಎಂಬ ಮಾತಿದೆ. ಅಷ್ಟು ಪ್ರಾಮಾಣಿಕವಾದ ಹೆಸರು ಸಾಫ್ಟ್‌ವೇರ್ ಲೋಕದಲ್ಲಿ ಅಪರೂಪ, ಅದನ್ನು ಅಕ್ಷರಶಃ ತೆಗೆದುಕೊಳ್ಳಿ. ಅದರ ಉಚಿತ ಎಕ್ಸ್‌ಪ್ರೆಸ್ ಆವೃತ್ತಿಯಲ್ಲಿ, 2008 ಆರ್2ರಿಂದ 2022ರವರೆಗೆ, ಒಂದು ಡೇಟಾಬೇಸಿಗೆ 10 ಜಿಬಿ ಮಿತಿ ಇದೆ. ಅದು ತುಂಬಿದಾಗ ಹೊಸ ಎಂಟ್ರಿ ಉಳಿಯದಿರುವುದು ಕರಪ್ಶನ್ ಅಲ್ಲ. ಲೆಕ್ಕಪತ್ರ ಟ್ಯಾಲಿಯಲ್ಲಿದ್ದರೆ, ಇಆರ್‌ಪಿ 9ರಲ್ಲಿ ಕಂಟ್ರೋಲ್, ಆಲ್ಟ್ ಮತ್ತು ಆರ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಮಾಡುವ ರೀರೈಟ್, ಪ್ರೈಮ್‌ನಲ್ಲಿ ಡೇಟಾ ಮೆನುವಿನ ರಿಪೇರಿ, ಇವೂ ಇದೇ ಜಾತಿಯವು.

ಒಬ್ಬರೇ ಕಕ್ಷಿದಾರರ ಫೈಲ್ ಬೀಳುತ್ತಿದ್ದು ರಿಪೇರಿಗೂ ಜಗ್ಗದಿದ್ದರೆ ಒಳಗಿನ ಅಕ್ಷರಗಳನ್ನು ನೋಡಬೇಕು. ನಕಲಿನ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ಗಾತ್ರ ಸರಿಯಾಗಿದ್ದೂ ಒಳಗೆ ಬರೀ ಖಾಲಿ ಜಾಗ ಕಂಡರೆ ಅದು ಕರೆಂಟ್ ಹೋದಾಗಿನ ಗುರುತು: ಫೈಲಿನ ಉದ್ದ ದಾಖಲಾಗಿದೆ, ತಿರುಳು ಡಿಸ್ಕಿಗೆ ಬರಲಿಲ್ಲ. ಅದನ್ನು ರಿಪೇರಿ ಮಾಡುವ ಮಾತೇ ಇಲ್ಲ, ಬ್ಯಾಕಪ್ಪೇ ಗತಿ. ಜೆಸನ್ ಫೈಲ್ (ರಿಟರ್ನಿನ ವಿವರಗಳಿರುವ ಪಠ್ಯ ಫೈಲ್) ಕೊನೆಯ ಪುಷ್ಪಾವರಣ } ಇಲ್ಲದೆ ನಡುವೆಯೇ ತುಂಡಾಗಿದ್ದರೆ ಸೇವ್ ಅರ್ಧಕ್ಕೆ ನಿಂತಿದೆ. ಟಿಡಿಎಸ್ ರಿಟರ್ನಿನ ಪಠ್ಯ ಫೈಲಿನಲ್ಲಿ ಕಾಲಂಗಳನ್ನು ಬೇರ್ಪಡಿಸುವುದು ಕ್ಯಾರೆಟ್ ಚಿಹ್ನೆ (^), ಒಂದು ದಾಖಲೆಗೆ ಒಂದು ಸಾಲು. ಎಕ್ಸೆಲ್‌ನಿಂದ ಅಂಟಿಸಿದ ವಿಳಾಸದ ಕೋಶದೊಳಗೆ ಆಲ್ಟ್ ಎಂಟರ್ ಒತ್ತಿ ಮಾಡಿದ ಸಾಲುಮುರಿತವಿದ್ದರೆ ಆ ಒಂದು ದಾಖಲೆ ಎರಡಾಗಿ ಸೀಳುತ್ತದೆ, ಅಲ್ಲಿಂದ ಮುಂದಿನದೆಲ್ಲ ಅಡ್ಡಾದಿಡ್ಡಿ. ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಆನ್ಸಿ (ಯೂನಿಕೋಡ್ ಅಲ್ಲದ) ಫಾಂಟಿನಲ್ಲಿ ಟೈಪಿಸಿದ ಹೆಸರುಗಳೂ ಹೀಗೆಯೇ ಕಾಡುತ್ತವೆ. ಕಣ್ಣಿಗೆ ಕನ್ನಡವಾಗಿ ಕಂಡರೂ ಯೂನಿಕೋಡ್ ನಿರೀಕ್ಷಿಸುವ ಪ್ರೋಗ್ರಾಮಿಗೆ ಅವು ವಿಚಿತ್ರ ಲ್ಯಾಟಿನ್ ಅಕ್ಷರಗಳ ಸಾಲು. ಕೆಟ್ಟ ಎಂಟ್ರಿ ಯಾವುದೆಂದು ತಿಳಿಯದಿದ್ದರೆ ನಕಲಿನಲ್ಲಿ ಅರ್ಧ ಎಂಟ್ರಿಗಳನ್ನು ತೆಗೆದು ನೋಡಿ, ಮತ್ತೆ ಅದರಲ್ಲಿ ಅರ್ಧ ತೆಗೆದು ನೋಡಿ. ಸಾವಿರ ಎಂಟ್ರಿಗಳಿದ್ದರೂ ಹತ್ತು ಸುತ್ತಿನಲ್ಲಿ ಸಿಗುತ್ತದೆ.

ಬ್ಯಾಕಪ್ ಕೂಡ ಕೈಕೊಟ್ಟಾಗ ಎಲ್ಲವನ್ನೂ ಮರುಟೈಪ್ ಮಾಡಲು ಹೊರಡಬೇಡಿ. ಸಲ್ಲಿಸಿಯಾದ ಆದಾಯ ತೆರಿಗೆ ರಿಟರ್ನಿನ ಜೆಸನ್ ಇ-ಫೈಲಿಂಗ್ ಪೋರ್ಟಲಿನಿಂದ ಇಳಿಯುತ್ತದೆ. ಟಿಡಿಎಸ್‌ಗೆ ಆದಾಯ ತೆರಿಗೆ ಇಲಾಖೆಯ ಟಿಡಿಎಸ್ ಪೋರ್ಟಲಾದ ಟ್ರೇಸಸ್‌ನಿಂದ ಕನ್ಸಾಲಿಡೇಟೆಡ್ ಫೈಲ್ ಕೇಳಿ ಪಡೆದು ಇಂಪೋರ್ಟ್ ಮಾಡಬಹುದು. ಜಿಎಸ್‌ಟಿಯ ಸಲ್ಲಿಸಿದ ರಿಟರ್ನುಗಳೂ 2ಬಿ ಎಂಬ ಖರೀದಿ ತೆರಿಗೆಯ ಪಟ್ಟಿಯೂ ಅದರ ಪೋರ್ಟಲಿನಲ್ಲಿವೆ. ಸಲ್ಲಿಸದ ಕರಡು ಮಾತ್ರ ನಿಮ್ಮ ಡಿಸ್ಕಿನ ಹೊರಗೆ ಎಲ್ಲೂ ಇರುವುದಿಲ್ಲ, ಆದ್ದರಿಂದ ಕೊನೆಯ ದಿನಾಂಕದ ವಾರಗಳಲ್ಲಿ ಮಧ್ಯಾಹ್ನವೂ ಒಂದು ಬ್ಯಾಕಪ್ ತೆಗೆಯುವುದು ನನ್ನ ರೂಢಿ.

ರಿಪೇರಿಯಾದ ಫೈಲ್ ತೆರೆಯಿತು ಎಂದ ಮಾತ್ರಕ್ಕೆ ಕೆಲಸಕ್ಕೆ ಕೊಡಬೇಡಿ. ಕಕ್ಷಿದಾರರ ಒಟ್ಟು ಸಂಖ್ಯೆ, ಪ್ರತಿ ತ್ರೈಮಾಸಿಕದ ಚಲನ್ನುಗಳ ಮೊತ್ತ, ಕಡಿತದ ದಾಖಲೆಗಳ ಎಣಿಕೆ, ಇವನ್ನು ಕೊನೆಯ ಒಳ್ಳೆಯ ಬ್ಯಾಕಪ್ಪಿನೊಡನೆ ಹೋಲಿಸಿ. ಬ್ಯಾಕಪ್ಪನ್ನು ಇದಕ್ಕಾಗಿ ಬೇರೆ ಫೋಲ್ಡರಿನಲ್ಲೇ ಬಿಚ್ಚಿಕೊಳ್ಳಿ. ಸಲ್ಲಿಸಿಯಾದ ಎರಡು ಮೂರು ರಿಟರ್ನುಗಳನ್ನು ಮತ್ತೆ ಲೆಕ್ಕ ಹಾಕಿಸಿ, ತೆರಿಗೆಯ ಮೊತ್ತ ಸ್ವೀಕೃತಿ ಪತ್ರದಲ್ಲಿರುವುದಕ್ಕೆ ರೂಪಾಯಿಗೆ ರೂಪಾಯಿ ಹೊಂದುತ್ತದೆಯೇ ನೋಡಿ. ಹೊಂದದಿದ್ದರೆ, ರಿಪೇರಿ ಬಿಟ್ಟುಹಾಕಿದ ದಾಖಲೆಯನ್ನು ಹುಡುಕಲು ಮೊದಲ ದಿನ ಎತ್ತಿಟ್ಟ ಆ ಕೆಟ್ಟ ನಕಲೇ ಬೇಕಾಗುತ್ತದೆ. ಹಳೆಯ ವರ್ಷದ್ದೆಂದು ಅದನ್ನು ಅಳಿಸುವ ಮುನ್ನ, ಜಿಎಸ್‌ಟಿ ಕಾಯ್ದೆಯ 36ನೇ ಸೆಕ್ಷನ್ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನಿನ ಕೊನೆಯ ದಿನಾಂಕದಿಂದ 72 ತಿಂಗಳು ಇರಿಸಿಕೊಳ್ಳಲು ಹೇಳುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಿರಿ. ಸಾಫ್ಟ್‌ವೇರ್ ಕಂಪನಿಯ ಬೆಂಬಲ ತಂಡಕ್ಕೆ ಕಳಿಸುವುದೂ ಅದೇ ನಕಲನ್ನು, ಈವೆಂಟ್ ವ್ಯೂವರಿನ ಆ ಗಳಿಗೆಯ ಸಾಲುಗಳ ಜೊತೆಗೆ. ಆದರೆ ಅದರೊಳಗೆ ನೂರಾರು ಜನರ ಪ್ಯಾನ್ ಸಂಖ್ಯೆ ಮತ್ತು ಬ್ಯಾಂಕ್ ಖಾತೆಗಳಿರುವುದರಿಂದ ಪಾಸ್‌ವರ್ಡ್ ಹಾಕಿದ ಜಿಪ್ ಮಾಡಿ, ಪಾಸ್‌ವರ್ಡನ್ನು ಅದೇ ಇಮೇಲಿನಲ್ಲಿ ಬರೆಯದೆ ಫೋನಿನಲ್ಲಿ ಹೇಳಿ.