ರೂಪಾಯಿ ಸಾಲದ ದೇಶ, ಡಾಲರ್ ಸಾಲದ ದೇಶ

ಸಣ್ಣ ದೇಶಗಳ ಆರ್ಥಿಕ ವರದಿ ಬರೆಯುವುದು ನನ್ನ ಹೊಟ್ಟೆಪಾಡು. ಬೆಂಗಳೂರಿನ ಒಂದು ಸಂಶೋಧನಾ ಕಂಪನಿಯಲ್ಲಿ ಕೂತು, ಕಾಲಿಡದ ಎಷ್ಟೋ ದೇಶಗಳ ಜಮಾಖರ್ಚು ಓದುತ್ತೇನೆ. 2025ರ ಶುರುವಿನಲ್ಲಿ ಭೂತಾನ್ ಮತ್ತು ಮಾಲ್ಡೀವ್ಸನ್ನು ಪಕ್ಕಪಕ್ಕ ಇಟ್ಟು ಟಿಪ್ಪಣಿ ಬರೆಯುವ ಕೆಲಸ ಬಂತು. ಹೋಲಿಕೆಗೆ ಒಳ್ಳೆಯ ಜೋಡಿ. ಎರಡೂ ನಮ್ಮ ನೆರೆಯವು. ಎರಡರಲ್ಲೂ ಜನ ಹತ್ತು ಲಕ್ಷಕ್ಕಿಂತ ಕಡಿಮೆ. ಎರಡೂ ವಿಶ್ವಸಂಸ್ಥೆಯ ಅತಿ ಹಿಂದುಳಿದ ದೇಶಗಳ ಪಟ್ಟಿಯಲ್ಲಿದ್ದು ಹೊರಬಂದವು. ಮಾಲ್ಡೀವ್ಸ್ 2011ರಲ್ಲಿ, ಭೂತಾನ್ 2023ರ ಡಿಸೆಂಬರಿನಲ್ಲಿ. ಮಾಲ್ಡೀವ್ಸಿನದು ಇನ್ನೂ ಮೊದಲೇ ಆಗಬೇಕಿತ್ತು. ಪಟ್ಟಿಯಿಂದ ತೆಗೆಯಲು 2004ರ ಡಿಸೆಂಬರ್ 20ರಂದು ಒಪ್ಪಿಗೆ ಸಿಕ್ಕಿತು. ಆರೇ ದಿನಕ್ಕೆ ಸುನಾಮಿ ಬಂತು.

ಇಂಥ ಕೆಲಸದಲ್ಲಿ ಎಲ್ಲರೂ ಮೊದಲು ನೋಡುವುದು ತಲಾ ಜಿಡಿಪಿ. 2023ರ ಲೆಕ್ಕದಲ್ಲಿ ಭೂತಾನಿನ ಜಿಡಿಪಿ ಸುಮಾರು 300 ಕೋಟಿ ಡಾಲರ್, ಮಾಲ್ಡೀವ್ಸಿನದು ಸುಮಾರು 650 ಕೋಟಿ. ತಲೆಗೆ ಹಂಚಿದರೆ ಭೂತಾನಿಗೆ ನಾಲ್ಕು ಸಾವಿರ ಡಾಲರಿಗಿಂತ ಸ್ವಲ್ಪ ಕಡಿಮೆ, ಮಾಲ್ಡೀವ್ಸಿಗೆ ಹನ್ನೆರಡು ಸಾವಿರದ ಮೇಲೆ. ಮೂರು ಪಟ್ಟಿಗೂ ಜಾಸ್ತಿ. ಅಲ್ಲಿಗೆ ಕೆಲಸ ಮುಗಿಯಿತು ಅನ್ನಿಸುತ್ತದೆ, ಅಲ್ವಾ? ನನಗೆ ಅಲ್ಲಿಂದಲೇ ಅನುಮಾನ ಶುರುವಾಗುತ್ತದೆ.

ಮೊದಲ ಪ್ರಶ್ನೆ: ಯಾರ ತಲೆಗೆ ಹಂಚಿದ್ದು? ಮಾಲ್ಡೀವ್ಸಿನ 2022ರ ಜನಗಣತಿಯಲ್ಲಿ ಸಿಕ್ಕವರು 5 ಲಕ್ಷ 15 ಸಾವಿರ. ಅದರಲ್ಲಿ ಕಾಲು ಭಾಗ ಹೊರದೇಶದಿಂದ ದುಡಿಯಲು ಬಂದವರು, ಬಾಂಗ್ಲಾದೇಶದವರೇ ಹೆಚ್ಚು. ಇವರನ್ನು ಬಿಟ್ಟು ಭಾಗಿಸಿದರೆ ದೇಶ ಇನ್ನೂ ಶ್ರೀಮಂತವಾಗಿ ಕಾಣುತ್ತದೆ. ಸೇರಿಸಿಕೊಂಡರೆ, ಅವರು ಊರಿಗೆ ಕಳಿಸುವ ದುಡ್ಡನ್ನು ಕಳೆಯಬೇಕಾಗುತ್ತದೆ. ಇದರ ಮೇಲೆ ಪ್ರವಾಸಿಗರು. 2024ರಲ್ಲಿ 20 ಲಕ್ಷಕ್ಕೂ ಹೆಚ್ಚು ಜನ ಬಂದರು, ಒಬ್ಬೊಬ್ಬರು ಸರಾಸರಿ ಏಳೆಂಟು ದಿನ ಉಳಿದರು. ಗುಣಿಸಿ 365ರಿಂದ ಭಾಗಿಸಿ ನೋಡಿ. ಯಾವ ದಿನ ಹೋದರೂ ಆ ದ್ವೀಪಗಳಲ್ಲಿ ನಲವತ್ತು ಸಾವಿರದಷ್ಟು ಪ್ರವಾಸಿಗರು ಊಟ ಮಾಡುತ್ತಿರುತ್ತಾರೆ.

ಇದನ್ನು ನಾನು ಗಂಭೀರವಾಗಿ ತೆಗೆದುಕೊಂಡದ್ದು ಮೊಟ್ಟೆಯ ಲೆಕ್ಕದಿಂದ. ನಮ್ಮ ಸರ್ಕಾರ ಮಾಲ್ಡೀವ್ಸಿಗೆ ಪ್ರತಿ ವರ್ಷ ಇಷ್ಟಿಷ್ಟು ಸಾಮಾನು ರಫ್ತು ಮಾಡಬಹುದು ಎಂದು ಕೋಟಾ ಕೊಡುತ್ತದೆ. ಅಕ್ಕಿ, ಸಕ್ಕರೆ, ಈರುಳ್ಳಿ, ಬೇಳೆ, ಕೊನೆಗೆ ಮರಳು ಮತ್ತು ಜಲ್ಲಿ ಕೂಡ. 2024-25ಕ್ಕೆ ಮೊಟ್ಟೆಯ ಕೋಟಾ 42 ಕೋಟಿಗೂ ಜಾಸ್ತಿ. ಜನಸಂಖ್ಯೆಗೆ ಹಂಚಿದರೆ ತಲೆಗೆ ವರ್ಷಕ್ಕೆ ಎಂಟುನೂರಕ್ಕೂ ಹೆಚ್ಚು ಮೊಟ್ಟೆ! ಕೋಟಾ ಅಂದರೆ ಮಿತಿ ಅಷ್ಟೆ, ಪೂರ್ತಿ ಹೋಗಲೇಬೇಕೆಂದಿಲ್ಲ. ಆದರೂ ಬೆಳಗಿನ ಬಫೆಯಲ್ಲಿ ಆಮ್ಲೆಟ್ ಕಾಯುತ್ತಾ ನಿಂತವರನ್ನು ಬಿಟ್ಟು ಆ ದೇಶದ ಆಮದು ಅರ್ಥವಾಗುವುದಿಲ್ಲ.

ಎರಡನೇ ಪ್ರಶ್ನೆ: ಯಾವ ದರದಲ್ಲಿ ಡಾಲರ್ ಮಾಡಿದ್ದು? ಭೂತಾನಿನ ನ್ಗುಲ್ಟ್ರಮ್ ನಮ್ಮ ರೂಪಾಯಿಗೆ ಒಂದಕ್ಕೊಂದು ಕಟ್ಟಿದ್ದು. ಮಾಲ್ಡೀವ್ಸಿನ ರುಫಿಯಾ 2011ರಿಂದ ಡಾಲರಿಗೆ 15.42ರ ಆಸುಪಾಸಿನಲ್ಲೇ ನಿಂತಿದೆ. ಈ ಅವಧಿಯಲ್ಲಿ ನಮ್ಮ ರೂಪಾಯಿ ಡಾಲರಿಗೆ ನಲವತ್ತಾರೇಳರಿಂದ ಎಂಬತ್ತರ ಮೇಲೆ ಹೋಯಿತು. ಹಾಗಾಗಿ ಭೂತಾನಿನ ಜಿಡಿಪಿ ಬೆಳೆದರೂ ಡಾಲರ್ ಲೆಕ್ಕದಲ್ಲಿ ಅಷ್ಟು ಬೆಳೆದಂತೆ ಕಾಣಲಿಲ್ಲ. ಅಲ್ಲಿನ ರಾಜಧಾನಿ ಥಿಂಪುವಿನಲ್ಲಿ ಯಾರ ಸಂಬಳವೂ ಅದಕ್ಕಾಗಿ ಕಡಿಮೆಯಾಗಿಲ್ಲ. ಮಾಲ್ಡೀವ್ಸಿನಲ್ಲಿ ಇದರ ಉಲ್ಟಾ. ಅಧಿಕೃತ ದರ 15.42 ಇದ್ದರೂ ರಾಜಧಾನಿ ಮಾಲೆಯ ಕಾಳಸಂತೆಯಲ್ಲಿ ಡಾಲರಿಗೆ ಅದಕ್ಕಿಂತ ಜಾಸ್ತಿ ಕೊಡಬೇಕು. ಅಂದಮೇಲೆ ಅಧಿಕೃತ ದರದಲ್ಲಿ ಲೆಕ್ಕ ಹಾಕಿದ ಜಿಡಿಪಿಯಲ್ಲಿ ಸ್ವಲ್ಪ ಗಾಳಿ ಇದೆ. ಕೊಳ್ಳುವ ಶಕ್ತಿಯ ಆಧಾರದ ಅಂಕಿ, ಅಂದರೆ ಆಯಾ ದೇಶದ ಬೆಲೆಗಳಿಗೆ ಹೊಂದಿಸಿದ ಅಂಕಿ ತೆಗೆದುಕೊಂಡಾಗ ಮೂರು ಪಟ್ಟಿನ ಅಂತರ ಎರಡು ಪಟ್ಟಿಗೂ ಕೆಳಗೆ ಇಳಿಯಿತು.

ಇನ್ನೊಂದು ಸಣ್ಣ ಕಿರಿಕಿರಿ. ಭೂತಾನ್ ಜಿಡಿಪಿಯನ್ನು ಜನವರಿಯಿಂದ ಡಿಸೆಂಬರಿಗೆ ಕೊಡುತ್ತದೆ, ಬಜೆಟ್ ಜುಲೈನಿಂದ ಜೂನ್. ಮಾಲ್ಡೀವ್ಸಿನಲ್ಲಿ ಎರಡೂ ಕ್ಯಾಲೆಂಡರ್ ವರ್ಷ. ಹಾಗಾಗಿ ಭೂತಾನಿನ ಕೊರತೆ, ಸಾಲ ಏನೇ ಇದ್ದರೂ ಅಕ್ಕಪಕ್ಕದ ಎರಡು ವರ್ಷಗಳ ಜಿಡಿಪಿಯ ಸರಾಸರಿಯಿಂದ ಭಾಗಿಸಿದೆ. ಬೇಜಾರಿನ ಕೆಲಸ, ಆದರೆ ಬಿಡುವಂತಿಲ್ಲ.

ಇಷ್ಟೆಲ್ಲ ತಿದ್ದಿದ ಮೇಲೂ ಕೈಯಲ್ಲಿ ಇದ್ದದ್ದು ಎರಡು ಒಳ್ಳೆಯ ಅಂಕಿ ಮಾತ್ರ. ಆ ದೇಶಗಳು ಹೇಗೆ ಬದುಕುತ್ತಿವೆ ಎಂಬುದು ಅದರಲ್ಲಿರಲಿಲ್ಲ. ಸಣ್ಣ ದೇಶ ಅಂದರೆ ತನಗೆ ಬೇಕಾದ್ದನ್ನು ತಾನೇ ಮಾಡಿಕೊಳ್ಳಲಾಗದ ದೇಶ. ಹೊರಗಿನಿಂದ ತರಲು ಹೊರಗಿನ ದುಡ್ಡೇ ಬೇಕು. ಆದ್ದರಿಂದ ನಾನು ಕೇಳುವ ಪ್ರಶ್ನೆ ಬೇರೆ: ಇಲ್ಲಿ ಯಾವ ದುಡ್ಡಿಗೆ ಕೊರತೆ ಬೀಳುತ್ತದೆ? ಯಾವ ತಿಂಗಳಲ್ಲಿ? ಆಗ ಸರ್ಕಾರ ಏನು ಮಾಡುತ್ತದೆ?

ಭೂತಾನಿಗೆ ಕೊರತೆ ಬೀಳುವುದು ಡಾಲರ್ ಅಲ್ಲ, ನಮ್ಮ ರೂಪಾಯಿ. ಬಂಗಾಳದ ಜೈಗಾಂವ್ ದಾಟಿ ಫುಂಟ್‌ಶೋಲಿಂಗ್‌ಗೆ ಹೋದವರಿಗೆ ಗೊತ್ತಿರುತ್ತದೆ, ಅಲ್ಲಿನ ಅಂಗಡಿಯಲ್ಲಿ ನಮ್ಮ ನೂರರ ನೋಟು ಕೊಟ್ಟರೆ ಚಿಲ್ಲರೆಯನ್ನು ನ್ಗುಲ್ಟ್ರಮಿನಲ್ಲಿ ಕೊಡುತ್ತಾರೆ. ಆ ನ್ಗುಲ್ಟ್ರಮ್ ಹಿಡಿದು ಹುಬ್ಬಳ್ಳಿಗೆ ಬಂದರೆ ಯಾರೂ ತೆಗೆದುಕೊಳ್ಳುವುದಿಲ್ಲ. ಭೂತಾನಿನ ಬಹುಪಾಲು ವ್ಯಾಪಾರ ಭಾರತದ ಜೊತೆಗೇ. ಡೀಸೆಲ್, ಅಕ್ಕಿ, ಕಾರು, ಕಬ್ಬಿಣ ಎಲ್ಲಕ್ಕೂ ರೂಪಾಯಿ ಬೇಕು. 2012ರ ಹೊತ್ತಿಗೆ ಇದು ಕೈಮೀರಿತು. ಅಲ್ಲಿನ ಕೇಂದ್ರ ಬ್ಯಾಂಕ್ 2011ರ ಡಿಸೆಂಬರಿನಲ್ಲೇ 20 ಕೋಟಿ ಡಾಲರ್ ಮಾರಿ ರೂಪಾಯಿ ಕೊಂಡಿತ್ತು. ಅದೂ ಸಾಲದೆ ಕಾರು ಮತ್ತು ಮನೆ ಸಾಲ ನಿಲ್ಲಿಸಬೇಕಾಯಿತು. 2022ರ ಆಗಸ್ಟಿನಲ್ಲಿ ವಿದೇಶಿ ಹಣದ ಮೀಸಲು ಕರಗಿದಾಗ ಮತ್ತೆ ವಾಹನ ಆಮದಿಗೇ ತಡೆ. ಒಂದು ವರ್ಷದ ಅಗತ್ಯ ಆಮದಿಗೆ ಸಾಕಾಗುವಷ್ಟು ವಿದೇಶಿ ಹಣ ಇರಲೇಬೇಕು ಎಂದು ಆ ದೇಶದ ಸಂವಿಧಾನದಲ್ಲೇ ಬರೆದಿದೆ. ಇಂಥ ಸಾಲು ನಾನು ಬೇರೆ ಯಾವ ಸಂವಿಧಾನದಲ್ಲೂ ಓದಿಲ್ಲ. ಜಿಡಿಪಿಗಿಂತ ಮುಖ್ಯ ಎಂದು ಭೂತಾನ್ ಹೇಳುವ ಒಟ್ಟು ರಾಷ್ಟ್ರೀಯ ಸಂತೋಷದ ಬಗ್ಗೆ ನೂರು ಲೇಖನ ಬಂದಿವೆ, ಈ ಸಾಲಿನ ಬಗ್ಗೆ ಯಾರೂ ಬರೆಯುವುದಿಲ್ಲ. ನನ್ನ ಪ್ರಕಾರ ಭೂತಾನನ್ನು ಅರ್ಥ ಮಾಡಿಕೊಳ್ಳಲು ಇದು ಹೆಚ್ಚು ಉಪಯೋಗ.

ರೂಪಾಯಿ ಬರುವುದು ಕರೆಂಟಿನಿಂದ. 1980ರ ದಶಕದ ಚುಖಾ 336 ಮೆಗಾವಾಟ್, ಆಮೇಲೆ ತಾಲಾ 1,020, 2019ರಲ್ಲಿ ಮಂಗ್ದೆಚು 720. ಕಟ್ಟಲು ಅನುದಾನ ಮತ್ತು ಸಾಲ ಕೊಟ್ಟದ್ದು ಭಾರತ, ಹೆಚ್ಚಿನ ಕರೆಂಟ್ ಕೊಳ್ಳುವುದೂ ಭಾರತ. ಚುಖಾದಲ್ಲಿ ಅನುದಾನ 60 ಪಾಲು, ಸಾಲ 40 ಪಾಲು ಇತ್ತು. ಮಂಗ್ದೆಚುವಿಗೆ ಬರುವಾಗ ಅನುದಾನ 30, ಸಾಲ 70. ಹೀಗಾಗಿ ಭೂತಾನಿನ ಸಾಲ ಜಿಡಿಪಿಗಿಂತ ಜಾಸ್ತಿ. ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಆದರೆ ಅದರ ದೊಡ್ಡ ಭಾಗ ಜಲವಿದ್ಯುತ್ತಿನದು, ರೂಪಾಯಿಯಲ್ಲೇ ತೀರಿಸುವಂಥದ್ದು. ಅಡಿಕೆ ವ್ಯಾಪಾರಿಯ ಹತ್ತಿರ ಸಾಲ ತಂದು ತೋಟ ಮಾಡಿ, ಫಸಲನ್ನು ಅವನಿಗೇ ಹಾಕಿದ ಹಾಗೆ. ಬಡ್ಡಿ ಬೀಳುತ್ತದೆ, ಆದರೆ ಸಾಲ ಕೊಟ್ಟವನು ಜಪ್ತಿಗೆ ಬಂದು ನಿಲ್ಲುವ ಭಯ ಕಡಿಮೆ.

ಚಾಲ್ತಿ ಖಾತೆ ಕೊರತೆಯನ್ನು, ಅಂದರೆ ದೇಶದ ಹೊರಗಿನ ಗಳಿಕೆಗಿಂತ ಹೊರಗಿನ ಖರ್ಚು ಎಷ್ಟು ಜಾಸ್ತಿ ಎಂಬುದನ್ನು ಓದುವಾಗಲೂ ಇದನ್ನು ನೆನಪಿಡಬೇಕು. ಅಣೆಕಟ್ಟು ಕಟ್ಟುವ ವರ್ಷಗಳಲ್ಲಿ ಟರ್ಬೈನ್, ಸಿಮೆಂಟ್ ಎಲ್ಲ ಆಮದಾಗಿ ಕೊರತೆ ಉಬ್ಬುತ್ತದೆ, ಆದರೆ ಅದರ ಜೊತೆಗೇ ಸಾಲದ ದುಡ್ಡೂ ಬಂದಿರುತ್ತದೆ. ನಾನು ಜಲವಿದ್ಯುತ್ತಿನ ಆಮದನ್ನು ಬೇರೆ ಸಾಲಿನಲ್ಲಿ ಇಟ್ಟೆ. ಉಳಿದ ಕೊರತೆಯೇ ನಿಜವಾದ ತಲೆನೋವು. 2022-23ರಲ್ಲಿ ಅದಕ್ಕೆ ಒಂದು ಹೊಸ ಕಾರಣ ಸೇರಿತು: ಕ್ರಿಪ್ಟೊ ಗಣಿಗಾರಿಕೆಯ, ಅಂದರೆ ಕರೆಂಟ್ ಸುಟ್ಟು ಡಿಜಿಟಲ್ ನಾಣ್ಯ ಹುಟ್ಟಿಸುವ ಯಂತ್ರಗಳ ಆಮದು. ಅಗ್ಗದ ಕರೆಂಟನ್ನು ರೂಪಾಯಿಗೆ ಮಾರುವ ಬದಲು ಬಿಟ್‌ಕಾಯಿನ್ ಮಾಡಿದರೆ ಡಾಲರ್ ಬರುತ್ತದೆ ಎಂಬ ಲೆಕ್ಕ. ಜಾಣತನದ ಲೆಕ್ಕವೇ, ಆದರೆ ಸಂವಿಧಾನದಲ್ಲಿ ಮೀಸಲಿನ ಮಿತಿ ಬರೆದುಕೊಂಡ ದೇಶ ಆಡುವ ಆಟವಲ್ಲ ಎಂದು ನನಗನ್ನಿಸಿತು. ಟಿಪ್ಪಣಿಯಲ್ಲೂ ಹಾಗೇ ಬರೆದೆ.

ಮಾಲ್ಡೀವ್ಸಿನಲ್ಲಿ ಕೊರತೆ ಬೀಳುವುದು ಡಾಲರ್. ತಮಾಷೆ ಏನೆಂದರೆ ಅಲ್ಲಿ ಎಲ್ಲೆಲ್ಲೂ ಡಾಲರ್ ಕಾಣುತ್ತದೆ. 1972ರಲ್ಲಿ ಮೊದಲ ರೆಸಾರ್ಟ್ ಶುರುವಾದಾಗಿನಿಂದ ಪ್ರವಾಸೋದ್ಯಮ ಬೆಳೆದದ್ದೇ ಡಾಲರಿನಲ್ಲಿ. ಸಣ್ಣ ಗೆಸ್ಟ್‌ಹೌಸ್ ಕೂಡ ರೂಮಿನ ಬಾಡಿಗೆ ಡಾಲರಿನಲ್ಲೇ ಹೇಳುತ್ತದೆ. ಆದರೆ ರೆಸಾರ್ಟಿಗೆ ಬಂದ ಡಾಲರ್ ಮಾಲೆಯ ಬ್ಯಾಂಕಿಗೆ ಬರಲೇಬೇಕೆಂದಿಲ್ಲ. ಬುಕಿಂಗ್ ಹೊರದೇಶದಲ್ಲಿ, ಎಷ್ಟೋ ಕಡೆ ಮಾಲೀಕರು ಹೊರದೇಶದವರು, ಅಡಿಗೆಯವರ ಸಂಬಳ ಹೊರಗೆ ಹೋಗುತ್ತದೆ, ತಿನ್ನುವ ಪದಾರ್ಥ ಹೊರಗಿನಿಂದ ಬರುತ್ತದೆ. ದ್ವೀಪದ ಕರೆಂಟಿಗೂ ಡೀಸೆಲ್ ಸುಡಬೇಕು. ಅದಕ್ಕೇ 2024ರ ಅಕ್ಟೋಬರಿನಲ್ಲಿ, ರೆಸಾರ್ಟ್‌ಗಳು ಪ್ರತಿ ಪ್ರವಾಸಿಯ ಲೆಕ್ಕದಲ್ಲಿ 500 ಡಾಲರನ್ನು ಸ್ಥಳೀಯ ಬ್ಯಾಂಕಿನಲ್ಲಿ ರುಫಿಯಾಗೆ ಬದಲಿಸಬೇಕು ಎಂಬ ನಿಯಮ ಬಂತು. ಕೇಂದ್ರ ಬ್ಯಾಂಕಿನ ವರದಿಯಲ್ಲಿ ಒಟ್ಟು ಮೀಸಲು ಒಂದು, ಬಳಸಬಹುದಾದ ಮೀಸಲು ಇನ್ನೊಂದು. ಮೊದಲನೆಯದು ನೋಡಿ ಸಮಾಧಾನಪಟ್ಟರೆ ಕೆಟ್ಟಿರಿ. 2024ರ ಮಧ್ಯದಲ್ಲಿ ಎರಡನೆಯದು ತಳ ಕಂಡಿತ್ತು. ಅಕ್ಟೋಬರಿನಲ್ಲಿ ನಮ್ಮ ರಿಸರ್ವ್ ಬ್ಯಾಂಕ್ 40 ಕೋಟಿ ಡಾಲರ್ ಮತ್ತು 3,000 ಕೋಟಿ ರೂಪಾಯಿಯ ಕರೆನ್ಸಿ ವಿನಿಮಯದ ಏರ್ಪಾಡು ಮಾಡಿದ ಮೇಲೆ ಉಸಿರು ಬಂತು.

ಇಲ್ಲಿನ ಸಾಲವೂ ಜಿಡಿಪಿಗಿಂತ ಜಾಸ್ತಿ. ಶೇಕಡಾವಾರು ಅಂಕಿ ಭೂತಾನಿನ ಹತ್ತಿರವೇ ಇದೆ. ಆದರೆ ಮಾಲ್ಡೀವ್ಸಿನದು ಹಲವು ಕಡೆಯ ಸಾಲ: ಭಾರತ, ಚೀನಾ, ಒಳಗಿನ ಬ್ಯಾಂಕುಗಳು, ಜೊತೆಗೆ 2021ರಲ್ಲಿ ಮಾರುಕಟ್ಟೆಯಿಂದ ಎತ್ತಿದ 50 ಕೋಟಿ ಡಾಲರಿನ ಸುಕುಕ್, ಅಂದರೆ ಇಸ್ಲಾಮಿಕ್ ನಿಯಮದ ಬಾಂಡ್. ಸುಕುಕ್ ಕೊಂಡವನಿಗೆ ಮಾಲ್ಡೀವ್ಸಿನ ಜೊತೆ ನೆರೆಹೊರೆಯ ಸಂಬಂಧ ಏನಿಲ್ಲ, 2026ರ ಏಪ್ರಿಲ್‌ಗೆ ದುಡ್ಡು ವಾಪಸ್ ಬೇಕಿತ್ತು ಅಷ್ಟೆ. ಒಂದೇ ಶೇಕಡಾವಾರು, ಎರಡು ಬೇರೆ ಬೇರೆ ರೋಗ. ನಮ್ಮ ಕೋಷ್ಟಕದಲ್ಲಿ ಎರಡನ್ನೂ ಒಂದೇ ಕಾಲಮಿನಲ್ಲಿ ಹಾಕಿದ್ದರು, ನಾನು ಒಡೆದು ಎರಡು ಮಾಡಿದೆ.

ಕೋವಿಡ್ ವರ್ಷಗಳು ಈ ವ್ಯತ್ಯಾಸವನ್ನು ಚೆನ್ನಾಗಿ ತೋರಿಸುತ್ತವೆ. 2020ರಲ್ಲಿ ಮಾಲ್ಡೀವ್ಸಿನ ಜಿಡಿಪಿ ಸುಮಾರು ಮೂರನೇ ಒಂದು ಭಾಗ ಕುಸಿಯಿತು, ಭೂತಾನಿನದು ಸುಮಾರು ಹತ್ತನೇ ಒಂದು ಭಾಗ. ಮಾಲ್ಡೀವ್ಸ್ ಅದೇ ಜುಲೈನಲ್ಲಿ ಬಾಗಿಲು ತೆರೆಯಿತು, ಬೇರೆ ದಾರಿಯೇ ಇರಲಿಲ್ಲ. 2021ರಲ್ಲಿ ಕಳೆದುಕೊಂಡದ್ದರ ದೊಡ್ಡ ಪಾಲು ವಾಪಸ್ ಬಂತು. ಭೂತಾನ್ 2022ರ ಸೆಪ್ಟೆಂಬರ್ ತನಕ ಮುಚ್ಚಿಕೊಂಡೇ ಕೂತಿತ್ತು. ತೆರೆದಾಗ ಪ್ರವಾಸಿಯ ದಿನದ ಶುಲ್ಕವನ್ನು 65ರಿಂದ 200 ಡಾಲರಿಗೆ ಏರಿಸಿತು. ಜನ ಬರಲಿಲ್ಲ, ಒಂದು ವರ್ಷದಲ್ಲಿ 100ಕ್ಕೆ ಇಳಿಸಿತು. ನದಿ ಹರಿಯುತ್ತಿದ್ದರೆ ಹೀಗೆ ಕಾಯಬಹುದು. ಬೀಚ್ ಖಾಲಿ ಇಟ್ಟುಕೊಂಡು ಕಾಯಲಾಗದು.

ಕೆಲಸದ ವಿಷಯದಲ್ಲಿ ಇಬ್ಬರದೂ ಒಂದೇ ಗೋಳು. ದುಡ್ಡು ತರುವ ಕ್ಷೇತ್ರ ಊರಿನ ಹುಡುಗರಿಗೆ ಕೆಲಸ ಕೊಡುವುದಿಲ್ಲ. ಅಣೆಕಟ್ಟು ನಡೆಸಲು ಕೆಲವೇ ಜನ ಸಾಕು, ಹಾಗಾಗಿ ಓದಿದ ಭೂತಾನಿ ಯುವಕರು ಆಸ್ಟ್ರೇಲಿಯಾಗೆ ಹೊರಟಿದ್ದಾರೆ. ಮಾಲ್ಡೀವ್ಸಿನಲ್ಲಿ ರೆಸಾರ್ಟಿನ ಕೆಲಸದ ದೊಡ್ಡ ಭಾಗ ಹೊರಗಿನವರ ಪಾಲು.

ಟಿಪ್ಪಣಿ ಬರೆಯುವ ನಡುವೆ ತೀರ್ಥಹಳ್ಳಿಯಿಂದ ಚಿಕ್ಕಪ್ಪನ ಫೋನ್ ಬಂತು. ನಾನು ಭೂತಾನಿನ ಮೇಲೆ ಕೂತಿದ್ದೇನೆ ಎಂದು ಯಾರೋ ಹೇಳಿದ್ದರಂತೆ. "ಅಲ್ಲ ಮಾರಾಯ, ಆ ಭೂತಾನ್ ಅಡಿಕೆ ಕಥೆ ಏನು? ಅವ್ರಿಗೆ ಅಡಿಕೆ ಬಿಟ್ಟು ಬೇರೆ ಏನೂ ಸಿಗ್ಲಿಲ್ವಾ ಮಾರಕ್ಕೆ?" 2022ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಭೂತಾನಿನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ಬೆಲೆಯ ಷರತ್ತಿಲ್ಲದೆ ತರಲು ಬಿಟ್ಟಿತು. ಮಲೆನಾಡಿನಲ್ಲಿ ಆಗ ಎದ್ದ ಗಲಾಟೆ ನೆನಪಿರಬಹುದು. "ಚಿಕ್ಕಪ್ಪ, ಹಸಿ ಅಡಿಕೆ ಸುಲಿದು ಒಣಗಿಸಿದ್ರೆ ಕಾಲು ಭಾಗನೂ ಉಳಿಯಲ್ಲ, ನಿಮಗೇ ಗೊತ್ತಲ್ಲ. ನಮ್ಮ ರಾಜ್ಯದ ಬೆಳೆ ಲಕ್ಷಗಟ್ಟಲೆ ಟನ್" ಎಂದೆ. ಅವರು ಒಪ್ಪಲಿಲ್ಲ. ಮಾಲು ಎಷ್ಟು ಬರುತ್ತದೆ ಅನ್ನೋದಲ್ಲ, ಬರುತ್ತದೆ ಎಂಬ ಸುದ್ದಿಗೇ ದರ ಬೀಳುತ್ತದೆ ಎಂದರು. ಅದು ಸರಿಯೇ. ಆ ಕಡೆಯಿಂದ ನೋಡಿದರೆ, ದಕ್ಷಿಣ ಭೂತಾನಿನ ರೈತನ ಅಡಿಕೆ ನೇರವಾಗಿ ರೂಪಾಯಿ ತರುವ ಸರಕು. ಕರೆಂಟ್ ಬಿಟ್ಟರೆ ಅವರಿಗೆ ಅಂಥವು ಹೆಚ್ಚಿಲ್ಲ.

ಕೊನೆಗೆ ನಾನು ಹಾಕಿದ ಚಿತ್ರ ಒಂದೇ, ಹನ್ನೆರಡು ತಿಂಗಳ ಪಟ್ಟಿ. ಭೂತಾನಿನ ಸ್ಥಾವರಗಳು ಬಹುತೇಕ ಹರಿಯುವ ನೀರಿನ ಮೇಲೆ ನಡೆಯುವಂಥವು, ದೊಡ್ಡ ಜಲಾಶಯ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಕರೆಂಟ್ ಮಾರುತ್ತದೆ, ಚಳಿಗಾಲದಲ್ಲಿ ನದಿ ಸೊರಗಿದಾಗ ಭಾರತದಿಂದ ಕೊಳ್ಳುತ್ತದೆ. ಮಾಲ್ಡೀವ್ಸಿಗೆ ಡಿಸೆಂಬರಿನಿಂದ ಏಪ್ರಿಲ್ ಸುಗ್ಗಿ, ಮೇ ನಂತರ ಮುಂಗಾರಿನಲ್ಲಿ ಪ್ರವಾಸಿಗರು ಕಡಿಮೆ. ಒಬ್ಬರಿಗೆ ಮಳೆ ಬಂದರೆ ದುಡ್ಡು, ಇನ್ನೊಬ್ಬರಿಗೆ ಮಳೆ ನಿಂತರೆ ದುಡ್ಡು. ಮೀಸಲಿನ ಅಂಕಿಯನ್ನು ವರ್ಷದ ಕೊನೆಯ ದಿನ ಮಾತ್ರ ನೋಡಿದರೆ ಇದು ಕಾಣುವುದೇ ಇಲ್ಲ.

ಮ್ಯಾನೇಜರ್ ಟಿಪ್ಪಣಿ ಓದಿ, "ಸರಿ, ಇವೆರಡರಲ್ಲಿ ಯಾವುದು ಗಟ್ಟಿ?" ಎಂದು ಕೇಳಿದರು. ಯಾರು ಸಾಲ ಕೊಡುತ್ತಿದ್ದಾರೆ, ಯಾವ ನಾಣ್ಯದಲ್ಲಿ, ಯಾವ ತಿಂಗಳಿಗೆ ವಾಪಸ್ ಬೇಕು ಎಂದು ತಿರುಗಿ ಕೇಳಿದೆ. ಡಾಲರಿನಲ್ಲಿ, ಆಗಸ್ಟಿಗೆ ಎಂದರು. ಹಾಗಿದ್ದರೆ ಮಾಲ್ಡೀವ್ಸ್ ಬೇಡ, ಫೆಬ್ರವರಿಗೆ ಮಾಡಿಕೊಂಡರೆ ಇನ್ನೊಮ್ಮೆ ಮಾತಾಡೋಣ ಎಂದೆ.